ಮೊದಲು ನನ್ನ ಜೇಬು

"ಗಾಡಿ ನಿಲ್ಸಣ್ಣಾ!"

ಉದ್ದನಪಲ್ಲಿ ರಸ್ತೆಯ ಬೆಳಗಿನ ಮಂಜಿನಿಂದ ಎಳೆಯ ಪೊಲೀಸನೊಬ್ಬ ಹೊರಬಂದಾಗ, ರಾಮಾಂಜಿನಪ್ಪ ಮೊಪೆಡ್ಡಿನ ಮೇಲಿದ್ದ ಹೂವಿನ ಮೂಟೆಯನ್ನು ಅವುಚಿ ಹಿಡಿದ. ಹಿಂದಿನ ವರ್ಷ ಹೀಗೇ ತಡೆದ ಪೊಲೀಸರು ಅವನ ತಮ್ಮನ ಚೀಲಕ್ಕೆ ತಾವೇ ಗಾಂಜಾ ಹಾಕಿ ಹಿಡಿದೊಯ್ದಿದ್ದರು. ಅಂದಿನಿಂದ ಊರು ಖಾಕಿಯನ್ನು ನಂಬುತ್ತಿರಲಿಲ್ಲ.

"ಮೊದ್ಲು ನನ್ ಜೇಬು ನೀವು ನೋಡಿ. ಆಮೇಲೆ ಮೂಟೆ ನಾನ್ ನೋಡ್ತೀನಿ," ಎಂದು ಪೊಲೀಸ್ ಎರಡೂ ಕೈ ಮೇಲೆತ್ತಿದ.

ಮಂಜಿನೊಳಗೆ ಯಾರೋ ಕೆಮ್ಮಿದರು. ಇನ್ನೊಂದು ಬದಿಯಲ್ಲಿ ಬಳೆ ಸದ್ದಾಯಿತು. ಗಾಡಿ ನಿಂತದ್ದು ಕೇಳಿ ಊರವರು ಸುತ್ತಲೂ ಬಂದು ನಿಂತಿದ್ದರು. ಒಂದು ಮುಖವೂ ಕಾಣುತ್ತಿರಲಿಲ್ಲ. ರಾಮಾಂಜಿನಪ್ಪ ಖಾಕಿ ಅಂಗಿಯ ಜೇಬಿಗೆ ಕೈ ಹಾಕಿದ. ಬಟ್ಟೆಯಡಿ ಆ ಹುಡುಗನ ಎದೆ ತನ್ನೆದೆಯಂತೆಯೇ ಡವಡವ ಹೊಡೆದುಕೊಳ್ಳುತ್ತಿತ್ತು.

"ಏನೂ ಇಲ್ಲ ಕಣ್ರಲಾ!" ಎಂದು ಮಂಜಿನತ್ತ ಕೂಗಿ, ರಾಮಾಂಜಿನಪ್ಪ ತಾನೇ ಮೂಟೆಯ ಹಗ್ಗ ಬಿಚ್ಚಿದ.