ಗದ್ದಲದ ಲೆಕ್ಕಕ್ಕೆ ಸೇರಿದ ಅಮ್ಮ

ಕಿವಿ ಕೇಳದ ಮಗಳು ನೀಲಾಗೆ ಯಂತ್ರದ ಕಿವಿ ಕೂರಿಸಿದ ದಿನ ಮಾತು ಕೊಟ್ಟಿದ್ದೆ: ನಾನು ಕರೆದಾಗಲೆಲ್ಲ ನಿನಗೆ ಕೇಳಿಸುತ್ತದೆ.

ವರ್ಷಗಟ್ಟಲೆ ಕೇಳಿಸಿತು. ಹೋದ ತಿಂಗಳು ಕಿವಿಯ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಅವಳಿಗೆ ನನ್ನೊಬ್ಬಳ ದನಿ ಕೇಳಿಸುವುದು ನಿಂತುಹೋಯಿತು. ಮನೆಯಲ್ಲಿ ಸದಾ ಕೇಳುವ ಸದ್ದನ್ನು ಅದು ಗದ್ದಲವೆಂದು ಅಳಿಸುತ್ತದಂತೆ. ಫ್ಯಾನಿನ ಜೊತೆ ನಾನೂ ಹೋದೆ.

ಈ ಸಾಫ್ಟ್‌ವೇರ್ ಬರೆಯುವವರದು ಒಂದು ಗುಂಪು, ಅದನ್ನು ಕಿವಿಗಳಿಗೆ ಹೊಂದಿಸಿ ಹಂಚುವವರದು ಇನ್ನೊಂದು. ಎರಡೂ ಕಡೆ ದೂರು ಕೊಟ್ಟೆ. ಹಂಚುವವರು ‘ಬರೆದವರು ನೋಡುತ್ತಿದ್ದಾರೆ’ ಎಂದು ದೂರು ಮುಚ್ಚಿದರು. ಬರೆದವರು ‘ಹಂಚುವವರು ನೋಡುತ್ತಿದ್ದಾರೆ’ ಎಂದು ಮುಚ್ಚಿದರು. ಒಬ್ಬರು ಮುಚ್ಚಿದ ದೂರೇ ಇನ್ನೊಬ್ಬರಿಗೆ ಸಾಕ್ಷಿ.

ಮೊನ್ನೆ ಇಬ್ಬರನ್ನೂ ಒಂದೇ ಕರೆಗೆ ಎಳೆದು ತಂದೆ.

“ನಾವು ಬರೆದದ್ದು ಸರಿಯಾಗೇ ಇತ್ತು ಮೇಡಂ, ಇವರು ತಿದ್ದಿ ಕೆಡಿಸಿದ್ರು,” ಎಂದ ಬರೆದವರ ಕಡೆಯ ಅನ್ಸಾರಿ.

“ತಿದ್ದಿದ್ದು ಒಂದೇ ಸಾಲು. ಅದೂ ನಿಮ್ಮ ಹಳೇ ತಪ್ಪು ಮುಚ್ಚೋಕೆ,” ಎಂದ ಹಂಚುವವರ ಕಡೆಯ ಪದ್ಮರಾಜ.

“ನಿಮ್ಮಿಬ್ರಿಗೂ ಕಿವಿ ಚೆನ್ನಾಗಿದ್ಯಲ್ಲ, ಕೇಳಿ,” ಎಂದೆ. “ಸರಿಮಾಡೋರು ಯಾರಪ್ಪಾ?”

ಇಬ್ಬರೂ ಒಬ್ಬರ ಹೆಸರನ್ನೊಬ್ಬರು ಹೇಳಿದರು. ಕೊನೆಗೆ ಪದ್ಮರಾಜನಿಗೆ ಉಪಾಯ ಹೊಳೆಯಿತು. “ಅಕ್ಕಾ, ಮಗು ಹತ್ರ ಮಾತು ಕಮ್ಮಿ ಮಾಡಿ. ಅಪರೂಪಕ್ಕೆ ಮಾತಾಡಿದ್ರೆ ಅದು ಗದ್ದಲ ಅನ್ಕೊಳ್ಳಲ್ಲ.”

“ಭೇಷ್!” ಎಂದ ಅನ್ಸಾರಿ. ಅವರಿಬ್ಬರೂ ಒಪ್ಪಿದ್ದು ಅದೊಂದೇ ಮಾತು. ಎರಡೂ ದೂರಿನ ಮೇಲೆ ‘ಪರಿಹರಿಸಲಾಗಿದೆ’ ಎಂದು ಬರೆದು, ಒಬ್ಬರಿಗೊಬ್ಬರು ಧನ್ಯವಾದವನ್ನೂ ಹೇಳಿಕೊಂಡರು.

ಈಗ ನೀಲಾಳನ್ನು ದಿನಕ್ಕೊಂದೇ ಸಲ ಕರೆಯುತ್ತೇನೆ, ರಾತ್ರಿ ಊಟಕ್ಕೆ. ಕರೆದಾಗಲೆಲ್ಲ ಕೇಳಿಸುತ್ತದೆ. ಕೊಟ್ಟ ಮಾತು ಉಳಿಯಿತು.