ಖಾಲಿ ಬಿಟ್ಟ ಜಾಗ

ಸನ್ಮಾನದ ಕಲ್ಲಿನ ಮೇಲೆ ಬೆರಳಾಡಿಸುತ್ತಿದ್ದ ಅಜ್ಜ, ತಾನು ಹುಟ್ಟಿದ ವರ್ಷದ ಪಕ್ಕದ ಗೆರೆಗೆ ಬಂದು ನಿಂತ. ಗೆರೆಯಾಚೆ ಕಲ್ಲು ಖಾಲಿ. ಊರಿನ ಅರ್ಧ ಕಟ್ಟಡಗಳ ಮೇಲೆ ಅಕ್ಷರ ಕೆತ್ತಿದವನಿಗೆ ತೊಂಬತ್ನಾಲ್ಕು ತುಂಬಿತೆಂದು ನಗರಸಭೆಯವರು ಮಾಡಿಸಿದ ಕಲ್ಲು ಅದು. ಕೆತ್ತಿದವನು ಅವನದೇ ಶಿಷ್ಯ. ಅವನಿಗೂ ತಲೆ ನರೆತಿತ್ತು.

"ಇಲ್ಲಿ ಯಾಕೋ ಜಾಗ ಬಿಟ್ಟೆ?"

"ಗೋಡೆಗೆ ಕೂರಿಸಿದ್ಮೇಲೆ ಇಳಿಸೋದು ಕಷ್ಟ ಗುರುಗಳೇ. ಮುಂದೆ ಬರೆಯೋದಕ್ಕೆ ಮೊದಲೇ ಜಾಗ ಬಿಡಬೇಕು ಅಂತ ನೀವೇ ಹೇಳಿಕೊಟ್ಟಿದ್ದಲ್ವಾ?"

"ಅದು ಗೋರಿಕಲ್ಲಿಗೆ ಕಣೋ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋರನ್ನ ಕಂಡಿದ್ದೆ. ಹೆಣ ಬೀಳೋ ಮುಂಚೆ ಕಲ್ಲು ಕೆತ್ತೋನು ನೀನೊಬ್ಬನೇ. ಉಳಿ ಕೊಡು."

"ಬೇಡಪ್ಪಾ, ಕೈ ನಡುಗುತ್ತೆ," ಎಂದಳು ಮಗಳು. ಮೂರು ವರ್ಷದ ಹಿಂದೆ ಅವನ ಉಳಿಗಳನ್ನೆಲ್ಲ ಅಟ್ಟಕ್ಕೆ ಹಾಕಿದವಳು ಅವಳೇ.

"ನಡುಗಲಿ ಬಿಡಮ್ಮ. ಕಲ್ಲು ನಡುಗಲ್ವಲ್ಲ."

ಶಿಷ್ಯ ತಲೆ ತಗ್ಗಿಸಿ ಉಳಿ, ಸುತ್ತಿಗೆ ಕೊಟ್ಟ. ಅಜ್ಜ ಆ ಗೆರೆಯ ತುದಿಗೇ ಉಳಿ ಹಚ್ಚಿ ಮುಂದಕ್ಕೆ ಕೆತ್ತತೊಡಗಿದ. ಅಲ್ಲಲ್ಲಿ ಸೊಟ್ಟಗಾದರೂ ಗೆರೆ ನಿಲ್ಲಲಿಲ್ಲ. ಎರಡು ಸಲ ಕೂತು ದಣಿವಾರಿಸಿಕೊಂಡ. ಮಗಳು ಕೈ ಹಿಡಿಯಬಂದರೆ ಕೊಡವಿದ. ಕೊನೆಗೆ ಗೆರೆ ಕಲ್ಲಿನ ಅಂಚು ಮುಟ್ಟಿತು. ಇನ್ನೊಂದು ವರ್ಷ ಬರೆಯಲು ಅಲ್ಲಿ ಜಾಗವೇ ಉಳಿಯಲಿಲ್ಲ.

ಅಜ್ಜ ಪುಡಿ ಊದಿದ. "ಈಗ ಕೂರಿಸು."