ವಿಭೂತಿ ಒರೆಸಿದ ಗಾಜು

ಬಟವಾಡಿಯ ಕ್ಲಿನಿಕ್ಕಿನ ಗಾಜಿನ ಬಾಗಿಲನ್ನು ಹೊರಗಿನಿಂದ ಒರೆಸಿ ಮುಗಿಸಿದ್ದ ಬಸವಪ್ರಭು, ಒಳಗಿನಿಂದ ಸರ್ವಮಂಗಳಮ್ಮ ನೇರವಾಗಿ ತನ್ನತ್ತಲೇ ನಡೆದು ಬರುತ್ತಿರುವುದನ್ನು ಕಂಡ. ಬಿಪಿ ತೋರಿಸಲು ವಾರವಾರ ಬರುವ ಅಜ್ಜಿ. ಬಾಗಿಲು ತಳ್ಳಲು ಕೈ ಚಾಚುವ ಲಕ್ಷಣವೇ ಇಲ್ಲ. ಮುಂದೆ ಬಯಲೇ ಇದೆಯೆಂಬಂತೆ ಹೆಜ್ಜೆ ಹಾಕುತ್ತಿದ್ದರು.

"ಅಜ್ಜೀ, ನಿಂತ್ಕಳಿ" ಎಂದು ಕೂಗಿದ್ದು ಗಾಜು ದಾಟಲಿಲ್ಲ. ಸೋಪುನೀರಿನ ಅಂಗೈಯನ್ನು ಫಟ್ಟನೆ ಗಾಜಿಗೆ ಬಡಿದ. ಗೇಣು ದೂರದಲ್ಲಿ ಅವರು ಬೆಚ್ಚಿ ನಿಂತರು.

ಬಾಗಿಲು ತೆಗೆದು, ಕೈಹಿಡಿದು ಹೊರಗೆ ಕರೆತಂದ. "ಇಲ್ಲಿ ಇಬೂತಿ ಬಳ್ದಿದ್ರಲ್ಲಪ್ಪ," ಎಂದರು ಸರ್ವಮಂಗಳಮ್ಮ. "ಅದ್ನ ನೋಡ್ಕಂಡೇ ಬಾಗ್ಲೈತೆ ಅಂತ ಗೊತ್ತಾಗ್ತಿತ್ತು."

ಸೋಮವಾರದ ಪೂಜೆಯಲ್ಲಿ ಕ್ಲಿನಿಕ್ಕಿನವರು ಗಾಜಿಗೆ ಎಳೆಯುತ್ತಿದ್ದ ಆ ಮೂರು ಪಟ್ಟೆಗಳನ್ನು ಅವನು ಎರಡು ವರ್ಷದಿಂದ ಮುಟ್ಟಿರಲಿಲ್ಲ. ಸುತ್ತ ಒರೆಸಿ ಬಿಡುತ್ತಿದ್ದ. ನಿನ್ನೆ ಕುಣಿಗಲ್ಲಿನ ಹೊಸ ಶೋರೂಮಿನ ಮ್ಯಾನೇಜರ್, "ಒಂದ್ ಕಲೆ ಉಳಿದ್ರೂ ನಾಳೆಯಿಂದ ಬರ್ಬೇಡ" ಅಂದಿದ್ದ. ಗಾಜು ಒರೆಸುವ ಕೆಲಸಕ್ಕೆಂದು ಅಂಗಡಿ ಅಂಗಡಿ ಅಲೆದು ಕಟ್ಟಿಕೊಂಡ ಇಪ್ಪತ್ತಾರು ಗಿರಾಕಿಗಳಿಂದ ಸಂಸಾರ ನೆಮ್ಮದಿಯಾಗಿ ನಡೆಯುತ್ತಿತ್ತು. ಒಬ್ಬರು ಬಿಟ್ಟರೆ ಉಳಿದವರೂ ಬಿಟ್ಟಾರೆಂಬ ದಿಗಿಲಿಗೆ ಇವತ್ತು ಎಲ್ಲೂ ಏನೂ ಉಳಿಸಿರಲಿಲ್ಲ.

ಎಲ್ಲೂ. ಬೆಳಿಗ್ಗೆ ಗುಬ್ಬಿಯಲ್ಲಿ ಏಳು ಅಂಗಡಿ ಮುಗಿಸಿ ಬಂದಿದ್ದ. ಏಳೂ ಗಾಜಿನ ಬಾಗಿಲುಗಳ ಮೇಲೆ ವಿಭೂತಿ ಇತ್ತು. ಈಗ ಒಂದರ ಮೇಲೂ ಇಲ್ಲ.

ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಒದ್ದೆ ಕೈಯಲ್ಲೇ ತೆಗೆದು ನೋಡಿದ. ಆ ಏಳರಲ್ಲೊಂದಾದ ಗುಬ್ಬಿಯ ಬಟ್ಟೆ ಅಂಗಡಿಯವರು.